ರಿಜೆಕ್ಟ್ ಆದ ಭತ್ತ

ಗೆಳೆಯರೇ, ಇವತ್ತು ಊಟದ ಹೊತ್ತಲ್ಲಿ ನಮ್ಮ ಪೀಣ್ಯದ ಶೆಡ್ಡಲ್ಲಿ ಭತ್ತ ರಿಜೆಕ್ಟ್ ಆಯ್ತು. ಅದಕ್ಕೇ ಕ್ಯಾಂಟೀನ್ ಬೋರ್ಡಿಗೆ ಈ ಚೀಟಿ ಅಂಟಿಸ್ತಿದೀನಿ.

ಚಿಕ್ಕಬಾಣಾವರದ ನಮ್ಮ ಗದ್ದೆ ಈಗ ಸೈಟು. ಮೂಲೇಲಿ ಎಸ್‌ಟಿಡಿ ಬೂತ್ ಬಂದಿದೆ. ಅಮ್ಮ ಬರೀ ಕೊಟ್ಟಿಗೆ ಗೊಬ್ಬರ ಹಾಕಿ ಬೆಳೀತಿದ್ದ ಕೆಂಪಕ್ಕಿ ಭತ್ತದಲ್ಲಿ ಒಂದು ಹಿಡಿ ಬಿತ್ತನೆ ಬೀಜ ಉಳಿದಿತ್ತು. "ಇನ್ನೂ ಜೀವ ಐತಾ ನೋಡೋ" ಅಂದಿದ್ಲು. ನೆನೆಸಿ, ಒದ್ದೆ ಬಟ್ಟೇಲಿ ಕಟ್ಟಿ, ಬೆಚ್ಚಗಿರ್ಲಿ ಅಂತ ಕಂಪ್ರೆಸರ್ ಪಕ್ಕ ಇಟ್ಟಿದ್ದೆ. ಇವತ್ತು ಬಿಚ್ಚಿದ್ರೆ ಎಲ್ಲಾ ಮೊಳಕೆ!

ಇನ್‌ಸ್ಪೆಕ್ಷನ್ನಿನ ಬಸವರಾಜು, ದಾವಣಗೆರೆ ಕಡೆಯವರು, ವರ್ನಿಯರ್ ತಂದು ಕಾಳು ಅಳೆದೇಬಿಟ್ರು. "ಒಂದಿದ್ದಂಗೆ ಒಂದಿಲ್ಲಲ್ರೀ. ಪೂರ್ತಿ ಲಾಟ್ ರಿಜೆಕ್ಟ್!"

ಎಲ್ಲರೂ ನಕ್ಕರು. ಆಮೇಲೆ ಅವರೇ ಬಟ್ಟೆ ಎತ್ತಿ ಮೂಗಿಗೆ ಹಿಡಿದ್ರು.

"ಭತ್ತ ಚೆಲ್ಲೋ ದಿನ ನಮ್ಮನೇಲೂ ಇದೇ ವಾಸನೆ ಬರ್ತಿತ್ರೀ. ಇದನ್ನ ಎಲ್ಲಿ ಬಿತ್ತೀರಿ?"

ಪೀಣ್ಯದಲ್ಲಿ ಎಲ್ಲಿ ಅಂತ ಬಿತ್ತೋದು? ಕೊನೆಗೆ ಕ್ಯಾಂಟೀನ್ ಹಿಂದೆ, ನಲ್ಲಿ ಸೋರಿ ಕೆಸರಾಗಿರೋ ಜಾಗದಲ್ಲಿ ಇಬ್ಬರೂ ಸೇರಿ ಚೆಲ್ಲಿ ಬಂದಿದೀವಿ.

ಆ ನಲ್ಲಿ ಬಗ್ಗೆ ದಿನಾ ಕಂಪ್ಲೇಂಟ್ ಕೊಡ್ತಿದ್ದೋನು ನಾನೇ. ಈಗ ಕೈ ಮುಗಿದು ಕೇಳ್ತೀನಿ, ಯಾರೂ ರಿಪೇರಿ ಮಾಡಿಸ್ಬೇಡಿ. ಒಂದು ಬೆಳೆ ಬರೋ ತನಕ ಸೋರ್ತಾ ಇರ್ಲಿ.

ಲೇತ್ ಮುನಿರಾಜು