ಲಿಂಡಾಳ ಸೆಲ್ಲರಿನಲ್ಲಿ ಸಿಂದಗಿಯ ಓಣಿ

ಅಮೆರಿಕದ ಕಾನ್ಸಾಸ್‌ಗೆ ಬಂದ ಮೊದಲ ಮಾರ್ಚಿನಲ್ಲಿ ಟಿವಿಯ ಹವಾಮಾನ ನಕಾಶೆ ನೋಡಿ ಬೆಚ್ಚಿಬಿದ್ದೆ. ಒಂದೇ ದಿನ, ಒಂದೇ ದೇಶ. ಮೇಲಿನ ರಾಜ್ಯಗಳಿಗೆ ಹಿಮದ ಬಿರುಗಾಳಿ, ನಮಗೆ ಗುಡುಗು, ಆಣೆಕಲ್ಲು, ಸುಂಟರಗಾಳಿ. ಸಿಂದಗಿಯಲ್ಲಿ ಬೆಳೆದ ನನಗೆ ಹವಾಮಾನವೆಂದರೆ ಬಿಸಿಲು, ಉಳಿದದ್ದೆಲ್ಲ ಅಪರೂಪದ ನೆಂಟರು.

ಇಲ್ಲಿ ಎರಡು ಮಾತು ಕಲಿಯಲೇಬೇಕು. ‘ವಾಚ್’ ಎಂದರೆ ಬಂದರೂ ಬರಬಹುದು, ಕಣ್ಣಿಟ್ಟಿರಿ. ‘ವಾರ್ನಿಂಗ್’ ಎಂದರೆ ಬಂದೇಬಿಟ್ಟಿತು, ಸೆಲ್ಲರಿಗೆ ಇಳಿಯಿರಿ. ಸೆಲ್ಲರ್ ನೆಲದೊಳಗಿನ ಕೋಣೆ. ನಮ್ಮ ಹಿರಿಯರು ಹಗೇವಿಗೆ ಜೋಳ ತುಂಬಿ ಮುಚ್ಚುತ್ತಿದ್ದರಲ್ಲ, ಇವರು ತಾವೇ ಇಳಿದು ಮುಚ್ಚಿಕೊಳ್ಳುತ್ತಾರೆ. ನಮ್ಮ ಬಾಡಿಗೆಯ ಕಟ್ಟಿಗೆ ಮನೆಗೆ ಸೆಲ್ಲರ್ ಇರಲಿಲ್ಲ. ಪಕ್ಕದ ಮನೆಯ ಲಿಂಡಾಳ ಹಿತ್ತಲಲ್ಲಿತ್ತು. ಆದರೆ ಆಕೆಗೂ ನನಗೂ ಅಷ್ಟರಲ್ಲೇ ಕೆಟ್ಟಿತ್ತು.

ಸಿಂದಗಿಯ ನಮ್ಮ ಓಣಿಯ ರೂಢಿಯೇ ಬೇರೆ. ಮೋಡ ಮೊದಲು ಕಂಡವರು ಯಾರದೇ ಮಾಳಿಗೆ ಹತ್ತಿ ಒಣಹಾಕಿದ ಶ್ಯಾವಿಗೆ, ಹಪ್ಪಳ ಬಾಚಿ ಕೆಳಗಿಳಿಸಬೇಕು. ಎದುರು ಮನೆಯ ನೀಲವ್ವ ಆಯಿಯದನ್ನು ನನ್ನ ಅಮ್ಮ, ನಮ್ಮದನ್ನು ಆಯಿ. ಯಾರೂ ಯಾರನ್ನೂ ಕೇಳುವುದಿಲ್ಲ. ಬಂದ ಹೊಸದರಲ್ಲಿ ಮೋಡ ಕವಿದಾಗ ನಾನೂ ಅದೇ ಮಾಡಿದೆ. ಲಿಂಡಾ ಮನೆಯಲ್ಲಿರಲಿಲ್ಲ. ಅವಳ ಗೇಟು ತೆರೆದು, ತಂತಿಯ ಮೇಲಿನ ಬಟ್ಟೆ ತೆಗೆದು, ಮಡಚಿ ಅವಳ ಕಟ್ಟೆಯ ಮೇಲಿಟ್ಟೆ.

“ನನ್ನ ಹಿತ್ತಲಿಗೆ ಬರೋ ಮುಂಚೆ ಕೇಳಬೇಕು,” ಎಂದಳು ಸಂಜೆ ಬಂದು.

ಮೈಯೆಲ್ಲ ಉರಿಯಿತು. ಒಣಗಿದ ಚಾದರ ಉಳಿಸಿಕೊಟ್ಟವಳಿಗೆ ಕಳ್ಳಿಯ ಮರ್ಯಾದೆ. ಫೋನಿನಲ್ಲಿ ಅಮ್ಮನ ಮುಂದೆ ಅತ್ತೆ.

“ಹೋಗ್ಲಿ ಬಿಡ ಬೇಟಿ, ಅಕಿಗಿ ನಮ್ಮ ಓಣಿ ಗೊತ್ತಿಲ್ಲ. ನಿಂದೇನೂ ತಪ್ಪಿಲ್ಲ,” ಎಂದಳು ಅಮ್ಮ.

ನಕಾಶೆ ಹೇಳಿದ ದಿನ ಮಧ್ಯಾಹ್ನವೇ ಆಕಾಶ ಹಸಿರಿಗೆ ತಿರುಗಿ ಊರಿನ ಸೈರನ್ ಕೂಗಿತು. ಗಂಡ ಕೆಲಸಕ್ಕೆ ಹೋಗಿದ್ದ. ನಾನು ಪುಟ್ಟ ಮಗಳು ಆಯಿಶಾಳನ್ನು ಎತ್ತಿಕೊಂಡು ಬಚ್ಚಲಲ್ಲಿ ಕೂತೆ, ಸೆಲ್ಲರಿಲ್ಲದವರು ಹಾಗೆ ಮಾಡಬೇಕಂತೆ. ಮಗುವಿನ ಜೀವ ಉಳಿಸುವ ಬಾಗಿಲು ಬೇಲಿಯಾಚೆಗೇ ಇತ್ತು. ಬರೋ ಮುಂಚೆ ಕೇಳಬೇಕೆಂದ ಲಿಂಡಾಳ ಮಾತು ನೆನಪಾಗಿ ಅಲ್ಲೇ ಕೂತುಬಿಟ್ಟೆ.

ಅಷ್ಟರಲ್ಲಿ ಹಿಂಬಾಗಿಲು ದಡಾರನೆ ತೆರೆಯಿತು. ಲಿಂಡಾ ಬಾಗಿಲು ಬಡಿಯಲಿಲ್ಲ, ಕರೆಯಲೂ ಇಲ್ಲ. ಆಯಿಶಾಳನ್ನು ನನ್ನ ತೊಡೆಯಿಂದ ಎತ್ತಿ ಸೊಂಟಕ್ಕೇರಿಸಿಕೊಂಡು “ನಡಿ,” ಎಂದಳು.

ಸೆಲ್ಲರಿನ ಕಬ್ಬಿಣದ ಬಾಗಿಲ ಮೇಲೆ ಆಣೆಕಲ್ಲು ಬಡಿಯುತ್ತಿತ್ತು.

“ಕೇಳದೆ ನಿನ್ನ ಮನೆಯೊಳಗೆ ಬಂದುಬಿಟ್ಟೆ,” ಎಂದಳು, ಮುಖ ಕೆಂಪಾಗಿತ್ತು.

“ನಮ್ಮೂರಲ್ಲಿ ಹೀಗೇ ಬರೋದು,” ಎಂದೆ. ಇಬ್ಬರೂ ನಕ್ಕೆವು.

ಸುಂಟರಗಾಳಿ ಊರ ಹೊರಗಿನ ಹೊಲದಲ್ಲೇ ಹಾದುಹೋಯಿತು. ಲಿಂಡಾ ಹಾಗೆ ಕೇಳದೆ ಬಂದದ್ದು ಅವಳದೇ ಒಳ್ಳೆಯತನ ಎನ್ನುವವರು ಅನ್ನಲಿ, ನಾನಂತೂ ಸಿಂದಗಿಯ ಲೆಕ್ಕಕ್ಕೇ ಹಾಕಿಕೊಂಡಿದ್ದೇನೆ. ಅಮ್ಮನ ಮಾಳಿಗೆಯ ರೂಢಿ ಇಷ್ಟು ದೂರ ಬಂತೆಂದು ನನಗೆ ಬಲು ಹೆಮ್ಮೆ.

ಈಗ ನನ್ನ ಫೋನಿನಲ್ಲಿ ಎರಡೂ ಊರಿನ ಹವಾಮಾನ ಬರುತ್ತದೆ. ಮೊನ್ನೆ ಇಲ್ಲಿ ಬೆಳಿಗ್ಗೆ, ಅಲ್ಲಿ ಸಂಜೆ, ಸಿಂದಗಿಗೆ ಗುಡುಗು ಮಳೆ ಎಂದು ತೋರಿಸಿತು. ಅಮ್ಮನಿಗೆ ಫೋನ್ ಮಾಡಿದೆ.

“ಆಮ್ಯಾಲ ಮಾತಾಡ್ತೇನಿ, ನೀಲವ್ವ ಆಯಿ ಶ್ಯಾವಿಗಿ ಮಾಳಗಿ ಮ್ಯಾಲ ಅದಾವ,” ಎಂದು ಇಟ್ಟೇಬಿಟ್ಟಳು.

ಕಿಟಕಿಯಾಚೆ ಲಿಂಡಾಳ ಚಾದರ ತಂತಿಯ ಮೇಲಿತ್ತು. ಚೊಕ್ಕ ಬಿಸಿಲು, ಒಂದು ಚೂರು ಮೋಡವಿಲ್ಲ. ಆದರೂ ಹೋಗಿ ತೆಗೆದು ಮಡಚಿಟ್ಟೆ.