ಪುಟ್ಟಲಕ್ಷ್ಮಿಯ ಎರಡು ಗಂಟೆ

ಬೆಳಿಗ್ಗೆ ಐದೂ ಮುಕ್ಕಾಲು. ಬಸವೇಶ್ವರನಗರದ ಒಂದು ನರ್ಸಿಂಗ್ ಹೋಮ್. ಆಪರೇಷನ್ ಥಿಯೇಟರಿನ ಹೊರಗಿನ ಬೆಂಚಿನ ಮೇಲೆ ಪುಟ್ಟಲಕ್ಷ್ಮಿ ಕೂತಿದ್ದಾರೆ. ತೊಡೆಯ ಮೇಲೆ ನೀಲಿ ಐಸ್ ಡಬ್ಬಿ. ಪೋಲಿಯೊ ಹನಿ ಹಾಕುವವರು ಹೆಗಲಿಗೆ ನೇತುಹಾಕಿಕೊಂಡು ಬರುತ್ತಾರಲ್ಲ, ಅಂಥದ್ದು. ಮುಚ್ಚಳ ಭದ್ರವಾಗಿದೆ ಎಂದು ಗೊತ್ತಿದ್ದರೂ ಒತ್ತಿ ನೋಡುತ್ತಾರೆ. ಒಂದು ನಿಮಿಷ ಬಿಟ್ಟು ಮತ್ತೆ ಒತ್ತುತ್ತಾರೆ.

ಸ್ಟ್ರೆಚರ್ ಬರುತ್ತದೆ. ಮಲಗಿರುವವರು ನಂದಿನಿ ಲೇಔಟಿನ ಗಂಗಲಕ್ಷ್ಮಮ್ಮ. ಗಡ್ಡೆ ಬೆಳೆದ ಗರ್ಭಕೋಶವನ್ನು ಇವತ್ತು ತೆಗೆಯುತ್ತಾರೆ. ಅದರ ಒಂದು ಚೂರನ್ನು ಸಂಶೋಧನೆಗೆ ಕೊಡಲು ಅವರು ಹೋದ ವಾರವೇ ಸಹಿ ಹಾಕಿದ್ದಾರೆ. ಬಾಗಿಲ ಹತ್ತಿರ ಪುಟ್ಟಲಕ್ಷ್ಮಿಯ ಕೈ ಹಿಡಿಯುತ್ತಾರೆ.

"ನೀನೇ ಅಲ್ವೇನಮ್ಮ ತಗೊಂಡು ಹೋಗೋದು? ದಾರೀಲಿ ಎಲ್ಲೂ ನಿಲ್ಬೇಡ."

"ನಿಲ್ಲಲ್ಲ ಅಕ್ಕ. ತಲುಪಿಸಿ, ಬಂದು ಹೇಳ್ತೀನಿ."

ಹೀಗೆ ಬಂದು ಹೇಳುವುದು ಪುಟ್ಟಲಕ್ಷ್ಮಿಯ ಕೆಲಸವೇನಲ್ಲ, ಅವರೇ ಹಾಕಿಕೊಂಡ ಕಟ್ಟುಪಾಡು. ಅವರ ಕೆಲಸ ಇಷ್ಟೇ: ದೇಹದಿಂದ ಬೇರೆಯಾದ ಆ ಚೂರನ್ನು ಎರಡು ಗಂಟೆಯೊಳಗೆ, ಜೀವ ಆರುವ ಮುನ್ನ, ಜ್ಞಾನಭಾರತಿ ಬಳಿಯ ಪುಟ್ಟ ಪ್ರಯೋಗಾಲಯಕ್ಕೆ ಮುಟ್ಟಿಸುವುದು. ಗಂಡಸಿನಿಂದ ಹೆಂಗಸಿಗೆ ಎಚ್‌ಐವಿ ದಾಟುವಾಗ ಒಳಪದರವನ್ನು ಅದು ಹೇಗೆ ಹಾಯುತ್ತದೆ ಎಂದು ಅಲ್ಲಿ ನೋಡುತ್ತಾರೆ. ಸತ್ತ ಚೂರು ಏನನ್ನೂ ಹೇಳುವುದಿಲ್ಲ.

ಪುಟ್ಟಲಕ್ಷ್ಮಿಯ ಬಗ್ಗೆ ಬರೆಯಲು ಬಂದಿದ್ದ ನನಗೆ ಪ್ರಯೋಗಾಲಯ ನಡೆಸುವ ಡಾ. ಸತ್ಯವತಿ ಹಿಂದಿನ ದಿನವೇ ಬಿಡಿಸಿ ಹೇಳಿದ್ದರು. "ಗಾಯ ಇದ್ರೆ ಮಾತ್ರ ಒಳಗೆ ಹೋಗುತ್ತೆ ಅನ್ಕೊಂಡಿದೀವಿ. ಹಾಗೇನಿಲ್ಲ. ಯೋನಿಯ ಒಳಚರ್ಮಕ್ಕೆ ಹಲವು ಪದರ ಇರುತ್ತೆ. ಆದ್ರೆ ಗರ್ಭಕಂಠದ ಒಳಗಡೆ ಒಂದೇ ಒಂದು ಸಾಲು ಜೀವಕೋಶ. ಅದರ ಕೆಳಗೇ ರೋಗ ತಡೆಯೋ ಕೋಶಗಳು ಕಾವಲಿರ್ತವೆ. ವೈರಸ್ಸಿಗೆ ಬೇಕಾಗಿರೋದೇ ಅವು. ಕೆಲವು ಅದನ್ನ ಹಿಡ್ಕೊಂಡು ತಾವೇ ಒಳಗೆ ಹೊತ್ಕೊಂಡು ಹೋಗ್ತವೆ. ಬೇರೆ ಸೋಂಕು ಇದ್ದು ಉರಿಯೂತ ಆಗಿದ್ರೆ ಅಪಾಯ ಇನ್ನೂ ಜಾಸ್ತಿ. ಯಾವ ದಾರಿ ಮುಖ್ಯ ಅಂತ ಇನ್ನೂ ಪೂರ್ತಿ ಗೊತ್ತಿಲ್ಲ."

ಎಂಟನೇ ಕ್ಲಾಸು ಓದಿದ ಪುಟ್ಟಲಕ್ಷ್ಮಿ ಇದನ್ನೇ ಒಂದು ಸಾಲಿನಲ್ಲಿ ಮುಗಿಸುತ್ತಾರೆ: "ಬಾಗ್ಲು ಒಡೀಬೇಕಾಗಿಲ್ಲ ಸಾರ್, ಕಾವಲಿನವನೇ ಕರ್ಕೊಂಡು ಹೋಗ್ತಾನೆ."

ಅವರಿಗೀಗ ನಲವತ್ತೊಂದು. ಮನೆ ಕಾಮಾಕ್ಷಿಪಾಳ್ಯದಲ್ಲಿ. ಹದಿನಾಲ್ಕು ವರ್ಷ ಗಾರ್ಮೆಂಟ್ಸ್, ಆಮೇಲೆ ಆಯಾ ಕೆಲಸ, 2007ರಿಂದ ಈ ಡಬ್ಬಿ. ಎರಡು ವರ್ಷದಲ್ಲಿ ನಲವತ್ತೆರಡು ಸಲ ಒಯ್ದಿದ್ದಾರೆ. ಒಂದು ಮಾತ್ರ ಸತ್ತಿತು. "ಮೊದಲ್ನೇ ತಿಂಗಳು. ತಣ್ಣಗಿದ್ದಷ್ಟೂ ಒಳ್ಳೇದು ಅನ್ಕೊಂಡು ಬಾಟ್ಲಿ ಸುತ್ತ ಐಸ್ ತುರುಕ್ಬಿಟ್ಟೆ. ಹೆಪ್ಪುಗಟ್ಟೋಯ್ತು. ಆ ಅಮ್ಮನ ಹತ್ರ ಹೋಗಿ, ನಾನೇ ಹಾಳು ಮಾಡ್ದೆ ಅಂದೆ. 'ಹೋಗ್ಲಿ ಬಿಡು' ಅಂದ್ರು. ಬೈದಿದ್ರೆ ಚೆನ್ನಾಗಿತ್ತು." ಈಗ ಬಾಟಲಿಗೂ ಐಸಿಗೂ ನಡುವೆ ಹಳೇ ಹತ್ತಿ ಸೀರೆಯ ತುಂಡು ಸುತ್ತುತ್ತಾರೆ.

ತಂಗಿ ಅನಂತಲಕ್ಷ್ಮಿಯ ವಿಷಯವನ್ನು ನಾನು ಕೇಳಲಿಲ್ಲ, ಅವರೇ ಹೇಳಿದರು. ಗಂಡ ಕಾಯಿಲೆಯಲ್ಲಿ ಹೋದ ಮೇಲೆ ತಂಗಿ ಮಾಗಡಿ ಕಡೆಯ ತವರಿಗೆ ಬಂದಳು. 2002ರಲ್ಲಿ ಅವಳೂ ಅದೇ ಎಚ್‌ಐವಿಯಲ್ಲಿ ಹೋದಳು. "ಗಾಯ ಇಲ್ಲ, ರಕ್ತ ಹಾಕಿಸ್ಕೊಂಡಿಲ್ಲ, ಮತ್ತೆ ಹೆಂಗೆ ಬಂತು ಅಂತ ಊರೆಲ್ಲ ಮಾತು. ಇವಳೇ ದಾರಿ ತಪ್ಪಿದ್ಲು ಅನ್ನೋದನ್ನ ನಮ್ಮಮ್ಮನೂ ನಂಬಿಬಿಟ್ರು. ಮಹಾಲಯ ಅಮಾವಾಸ್ಯೆಗೆ ಎಲ್ಲಾರ್ಗೂ ಎಡೆ ಇಡ್ತಾರೆ. ಅವಳಿಗೆ ಮಾತ್ರ ಎಲೆ ಹಾಕಲ್ಲ."

ಏಳೂ ಹತ್ತಕ್ಕೆ ಗರ್ಭಕೋಶ ಹೊರಗೆ ಬರುತ್ತದೆ. ಗಡುವು ಒಂಬತ್ತೂ ಹತ್ತು. ರೋಗವಿಜ್ಞಾನದ ಡಾಕ್ಟರು ಪರೀಕ್ಷಿಸಿ, ಚೂರು ಕತ್ತರಿಸಿ ಕೊಡುವಷ್ಟರಲ್ಲಿ ಎಂಟೂ ಐದು. ಪುಟ್ಟಲಕ್ಷ್ಮಿ ಮೊಪೆಡ್ ಏರುತ್ತಾರೆ. ನಾನು ನನ್ನ ಸ್ಕೂಟರಿನಲ್ಲಿ ಹಿಂದೆ.

ಸುಮನಹಳ್ಳಿ ಹತ್ತಿರ ರಸ್ತೆ ಅಗೆದಿದ್ದಾರೆ. ಲಾರಿ, ಬಸ್ಸು, ಶಾಲೆಯ ವ್ಯಾನು ಎಲ್ಲ ಕಚ್ಚಿಕೊಂಡು ನಿಂತಿವೆ. ಎಂಟೂವರೆ. ಎಂಟೂ ನಲವತ್ತು. ನನ್ನದಲ್ಲದ ಡಬ್ಬಿಗೆ ನಾನು ಯಾಕೆ ಗಡಿಯಾರ ನೋಡುತ್ತಿದ್ದೇನೆ? ಮುಂದೆ ನೋಡಿದರೆ ಆಕೆ ಮೊಪೆಡ್ಡನ್ನು ಟೀ ಅಂಗಡಿಯ ಮುಂದೆ ನೂಕಿ, "ಅಣ್ಣ, ಗಾಡಿ ನೋಡ್ಕೊಳ್ಳಿ" ಎಂದು ಕೂಗಿ, ಡಬ್ಬಿಯನ್ನು ಎದೆಗವಚಿಕೊಂಡು ಅಗೆದ ಮಣ್ಣಿನ ಮೇಲೆ ನಡೆಯುತ್ತಿದ್ದಾರೆ. ಓಡುತ್ತಿಲ್ಲ. ಓಡಿದರೆ ಬಾಟಲಿ ಅಲುಗುತ್ತದೆ. ಆಚೆ ಬದಿಯಲ್ಲಿ ಆಟೊ ಹತ್ತುತ್ತಾರೆ.

ನಾನು ತಲುಪಿದಾಗ ಅವರು ಪ್ರಯೋಗಾಲಯದ ಮೆಟ್ಟಿಲ ಮೇಲೆ ಕೂತಿದ್ದಾರೆ. ಒಂಬತ್ತೂ ನಾಲ್ಕಕ್ಕೆ ಡಬ್ಬಿ ಒಳಗೆ ಹೋಗಿದೆ. ಉಳಿದದ್ದು ಆರು ನಿಮಿಷ. ಆದರೂ ಮುಖದಲ್ಲಿ ಸಮಾಧಾನವಿಲ್ಲ. ಬಣ್ಣ ಹಾಕಿ ಜೀವ ಇದೆಯೋ ಇಲ್ಲವೋ ನೋಡಲು ನಾಲ್ಕು ಗಂಟೆ ಬೇಕು. ಅಲ್ಲಿಯವರೆಗೆ ಅವರು ಬುತ್ತಿ ಬಿಚ್ಚುವುದಿಲ್ಲ. ನಾನು ಕಾಫಿ ಕುಡಿಯೋಣ ಎಂದೆ. "ನೀವ್ ಕುಡೀರಿ ಸಾರ್" ಎಂದರು. ನಾನೂ ಅವರ ಪಕ್ಕ ಮೆಟ್ಟಿಲ ಮೇಲೆ ಕೂತೆ.

ಒಂದೂಕಾಲಿಗೆ ಸತ್ಯವತಿ ಬಾಗಿಲಿಗೆ ಬರುತ್ತಾರೆ. "ಪುಟ್ಟಲಕ್ಷ್ಮಿ, ಜೀವ ಇದೆ ಕಣಮ್ಮ. ಊಟ ಮಾಡು."

ಸಂಜೆ ನಾಲ್ಕಕ್ಕೆ ವಾರ್ಡಿನಲ್ಲಿ ಗಂಗಲಕ್ಷ್ಮಮ್ಮ ಅರೆ ಮಂಪರಿನಲ್ಲಿದ್ದಾರೆ. ಪುಟ್ಟಲಕ್ಷ್ಮಿ ಕಿವಿಯ ಹತ್ತಿರ ಬಾಗಿ ಹೇಳುತ್ತಾರೆ: "ತಲುಪ್ತು ಅಕ್ಕ. ಜೀವ ಇದೆ." ಅವರು ಕಣ್ಣು ತೆರೆಯದೆ ತಲೆಯಾಡಿಸುತ್ತಾರೆ.

ನಿಮಗೇನಾದರೂ ಆಸೆ ಇದೆಯೇ ಎಂದು ಹೊರಗೆ ಬಂದ ಮೇಲೆ ಕೇಳಿದೆ. ಸಂಬಳ, ಹೊಸ ಗಾಡಿ, ಏನಾದರೂ ಹೇಳಿಯಾರು ಎಂದುಕೊಂಡಿದ್ದೆ.

"ಡಾಕ್ಟ್ರಮ್ಮನ ಹತ್ರ ಒಂದು ಕಾಗ್ದ ಕೇಳಿದೀನಿ ಸಾರ್. ಗಾಯ ಇಲ್ದೇನೂ ಬರುತ್ತೆ, ತಪ್ಪು ಮಾಡ್ದೇ ಇರೋಳಿಗೂ ಗಂಡನಿಂದ ಬರುತ್ತೆ ಅಂತ. ಕನ್ನಡದಲ್ಲಿ, ಸೀಲು ಹಾಕಿ. ಬರ್ಕೊಡ್ತೀನಿ ಅಂದಿದಾರೆ. ಮಹಾಲಯಕ್ಕೆ ಊರಿಗೆ ಹೋಗಿ ಅಮ್ಮಂಗೆ ಓದಿ ಹೇಳ್ತೀನಿ."

ಅಮ್ಮ ಒಪ್ಪದಿದ್ದರೆ?

ಪುಟ್ಟಲಕ್ಷ್ಮಿ ಖಾಲಿ ಡಬ್ಬಿಯ ಮುಚ್ಚಳವನ್ನು ಇನ್ನೊಮ್ಮೆ ಒತ್ತುತ್ತಾರೆ.

"ಒಪ್ಪಿದ್ರೆ ಅವ್ರು ಹಾಕ್ತಾರೆ. ಇಲ್ದಿದ್ರೆ ಈ ಸಲ ನನ್ ತಂಗಿಗೆ ಎಲೆ ನಾನೇ ಹಾಕ್ತೀನಿ."