ನಾಲ್ಕು ಗಂಟೆಯ ಮಾರ್ಷಲ್

ಟೆಕ್ಸಸ್‌ನ ಇರ್ವಿಂಗ್‌ನ ಅಪಾರ್ಟ್‌ಮೆಂಟುಗಳಲ್ಲಿ ನನ್ನ ಹಾಗೆ ಬೆಳೆದವರಿಗೆ ಇದು ನೆನಪಿರುತ್ತದೆ. ಹಳದಿ ಬಸ್ಸು ಗೇಟಿನ ಬಳಿ ಇಳಿಸಿ ಹೋದ ಮೇಲೆ ಮೆಟ್ಟಿಲು ಹತ್ತುತ್ತಿದ್ದರೆ ಒಂದೊಂದು ಬಾಗಿಲಿನಿಂದ ಒಂದೊಂದು ಊರಿನ ಒಗ್ಗರಣೆ ಮೂಗಿಗೆ ಬಡಿಯುತ್ತಿತ್ತು. ಎರಡನೇ ಮಹಡಿಯಲ್ಲಿ ಬೆಳ್ಳುಳ್ಳಿ ಘಮ್ಮೆಂದರೆ ಅದು ಸುಮಕ್ಕನ ಮನೆ. ಅವಳ ಮನೆಗೂ ನಮ್ಮ ಮನೆಗೂ ನಡುವೆ ಇದ್ದದ್ದು ಒಂದು ತೆಳು ಗೋಡೆ.

ಅಪ್ಪ ಅಮ್ಮ ಇಬ್ಬರೂ ಮೈಸೂರಿನವರು, ಇಬ್ಬರಿಗೂ ಲಾಸ್ ಕೊಲಿನಾಸ್‌ನ ಆಫೀಸುಗಳಲ್ಲಿ ಕೆಲಸ. ಮನೆ ಸೇರುವಾಗ ಸಂಜೆ ಆರೂವರೆ. ನಾನು ನಾಲ್ಕನೇ ಕ್ಲಾಸಿಗೆ ಹೋದ ಆ ಆಗಸ್ಟಿನಲ್ಲಿ, ಶಾಲೆ ಬಿಟ್ಟ ಮೇಲೆ ನನ್ನನ್ನು ನೋಡಿಕೊಳ್ಳಲು ಸುಮಕ್ಕ ಒಪ್ಪಿಕೊಂಡಳು. ಗದಗಿನವಳು, ಮದುವೆಯಾಗಿ ಬಂದು ಇನ್ನೂ ವರ್ಷವಾಗಿರಲಿಲ್ಲ. ಗಂಡನ ವೀಸಾದ ಮೇಲೆ ಬಂದವಳಾದ್ದರಿಂದ ಕೆಲಸ ಮಾಡುವಂತಿರಲಿಲ್ಲ. ಡ್ರೈವಿಂಗ್ ಬರುತ್ತಿರಲಿಲ್ಲ. ಬೇರೆ ಹೆಂಗಸರನ್ನೆಲ್ಲ ನಾನು ಆಂಟಿ ಎನ್ನುತ್ತಿದ್ದೆ. ಇವಳು ಮಾತ್ರ ಮೊದಲ ದಿನವೇ, "ಆಂಟಿ ಗೀಂಟಿ ಬ್ಯಾಡವಾ, ಅಕ್ಕಾ ಅನ್ನು ಸಾಕು" ಎಂದಿದ್ದಳು.

ಅವಳ ಮನೆಯಲ್ಲಿ ದೊಡ್ಡ ಟಿವಿ ಇತ್ತು. ಅದರ ರಿಮೋಟು ಮಾತ್ರ ದಿನಾ ಬೆಳಿಗ್ಗೆ ಗಿರೀಶ್ ಅಂಕಲ್‌ನ ಆಫೀಸು ಬ್ಯಾಗಿನಲ್ಲಿ ಹೊರಟುಹೋಗುತ್ತಿತ್ತು. ಅದರಲ್ಲಿ ಏನೋ ವಿಚಿತ್ರವಿದೆ ಎಂದು ನನಗೆ ಆಗ ಅನ್ನಿಸಲಿಲ್ಲ. ಗಿರೀಶ್ ಅಂಕಲ್ ಎಲ್ಲರಿಗೂ ಇಷ್ಟವಾಗುವ ಮನುಷ್ಯ. ಗಣೇಶನ ಹಬ್ಬಕ್ಕೆ ಎಲ್ಲರೂ ಅಡುಗೆ ತರುವ ಪಾಟ್‌ಲಕ್‌ನಲ್ಲಿ ಭಾವಗೀತೆ ಹಾಡುತ್ತಿದ್ದ, ಮಕ್ಕಳ ಕೈಗೆ ಚಾಕೊಲೇಟ್ ತುರುಕುತ್ತಿದ್ದ.

ಟಿವಿ ಇಲ್ಲದ ಆ ಮಧ್ಯಾಹ್ನಗಳಿಗೆಂದು ಅಮ್ಮ ಒಂದು ಹಳೆಯ ರೇಡಿಯೋ ಕೊಟ್ಟಳು. ಸುಮಕ್ಕ ಅದನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ತಿರುಗಿಸುತ್ತ ಹೋದಾಗ, ಗರಗರ ಸದ್ದಿನ ನಡುವೆ ಕುದುರೆಯ ಗೊರಸಿನ ಶಬ್ದ ಕೇಳಿತು. ಯಾವುದೋ ಸ್ಟೇಷನ್ನು ಅರವತ್ತು ವರ್ಷ ಹಿಂದಿನ ಕೌಬಾಯ್ ನಾಟಕಗಳನ್ನು ದಿನಾ ನಾಲ್ಕು ಗಂಟೆಗೆ ಮತ್ತೆ ಹಾಕುತ್ತಿತ್ತು. ಧೂಳು ತುಂಬಿದ ಒಂದು ಊರು, ಆ ಊರಿನ ಕಾನೂನು ಕಾಯಲು ಒಬ್ಬ ಮಾರ್ಷಲ್. ದನ ಕದ್ದವರು, ಬಾವಿಗಾಗಿ ಹೊಡೆದಾಡುವವರು, ವಿಚಾರಣೆಯಿಲ್ಲದೆ ಒಬ್ಬನನ್ನು ಮರಕ್ಕೆ ನೇತುಹಾಕಲು ಹಗ್ಗ ಹಿಡಿದು ಬರುವ ಗುಂಪು. ಹಲಗೆಯ ಮೇಲೆ ಬೂಟಿನ ಸದ್ದು ಕೇಳಿತೆಂದರೆ ಮಾರ್ಷಲ್ ಬಂದ ಎಂದು ಅರ್ಥ. ಅರ್ಧ ಗಂಟೆಯೊಳಗೆ ಎಲ್ಲವೂ ಒಂದು ದಡ ಮುಟ್ಟುತ್ತಿತ್ತು.

"ಬಾರವಾ ಅನೂ, ಕೈಕಾಲು ತೊಳ್ಕೊ. ಮಾರ್ಷಲ್ ಬರೋ ಹೊತ್ತಾತು" ಎನ್ನುತ್ತಿದ್ದಳು, ನಾನು ಬಾಗಿಲು ದಾಟುವಷ್ಟರಲ್ಲಿ.

ಆ ಹಳೆಯ ಟೆಕ್ಸಸ್ ಉಚ್ಚಾರಣೆ ಅವಳಿಗೆ ತಿಳಿಯುತ್ತಿರಲಿಲ್ಲ. ನನಗೆ ಕನ್ನಡ ಅರ್ಥವಾಗುತ್ತಿತ್ತು, ಆದರೆ ಬಾಯಿ ತೆರೆದರೆ ಬರುತ್ತಿದ್ದದ್ದು ಇಂಗ್ಲಿಷ್. ಸುಮಕ್ಕ ಒಂದು ಒಪ್ಪಂದ ಮಾಡಿದಳು.

"ಅವ ಏನಂದ ಅಂತ ಕನ್ನಡದಾಗ ಹೇಳು. ನನಗ ಇಂಗ್ಲಿಷ್ ಬಂದಂಗಾತು, ನಿನಗ ಕನ್ನಡ ಬಂದಂಗಾತು."

ಹೀಗೆ ನಾನು ಮಂಡಕ್ಕಿ ಒಗ್ಗರಣೆಯ ತಟ್ಟೆ ಹಿಡಿದು ಕಟ್ಟೆಯ ಮೇಲೆ ಕುಳಿತು ಮಾರ್ಷಲ್‌ನಿಗೆ ಕನ್ನಡ ಕಲಿಸಿದೆ. ಮೊದಮೊದಲು "ಅವನು ಹೇಳ್ತಾನೆ ನೀನು ಗನ್ ಕೆಳಗೆ ಮಾಡು" ಎಂಬಂಥ ಕನ್ನಡ. ಸುಮಕ್ಕ ನಗುತ್ತ ತಿದ್ದುತ್ತಿದ್ದಳು. "ಬಂದೂಕು ಕೆಳಗಿಡು ಮಗನ ಅಂತಾನ, ಹೌದಿಲ್ಲೊ?" ಅಕ್ಟೋಬರ್ ಬರುವ ಹೊತ್ತಿಗೆ ನನ್ನ ಕಳ್ಳರೆಲ್ಲ ಗದಗಿನ ಭಾಷೆ ಆಡುತ್ತಿದ್ದರು, ಅವಳ ಬಾಯಲ್ಲಿ "ಯೆಸ್ಸರ್" ಎಂಬುದು ರೇಡಿಯೋದವರ ಹಾಗೆಯೇ ಉದ್ದಕ್ಕೆ ಎಳೆದುಕೊಂಡು ಬರುತ್ತಿತ್ತು. ನಾಟಕ ಮುಗಿದ ಮೇಲೆ ನಾವೇ ಆಡುತ್ತಿದ್ದೆವು. ಊಟದ ಮೇಜಿನ ಕೆಳಗೆ ಜೈಲು. ಒಮ್ಮೊಮ್ಮೆ ಆಟದ ಗಲಾಟೆಯಲ್ಲಿ ಒಗ್ಗರಣೆ ಸೀದು ಹೊಗೆಯ ಅಲಾರಾಂ ಬಡಿದುಕೊಳ್ಳುತ್ತಿತ್ತು. ಆಗ ಇಬ್ಬರೂ ಟವೆಲ್ಲು ಬೀಸಿ ಬೀಸಿ ಸುಸ್ತಾಗುತ್ತಿದ್ದೆವು.

ಅಕ್ಟೋಬರಿನ ಒಂದು ದಿನದ ಕಥೆಯಲ್ಲಿ, ದೂರದ ಹೊಲದ ಮನೆಯ ಹೆಂಗಸೊಬ್ಬಳು ಮಾರ್ಷಲ್‌ನನ್ನು ಹುಡುಕಿಕೊಂಡು ಊರಿಗೆ ನಡೆದು ಬರುತ್ತಾಳೆ. ಗಂಡ ಅವಳ ತಮ್ಮನನ್ನು ಕೊಂದಿರುತ್ತಾನೆ. ನಾನು ಅನುವಾದ ಮಾಡುತ್ತಿದ್ದೆ, ಸುಮಕ್ಕ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದ್ದಳು.

"ಎಷ್ಟು ದೂರ ನಡದ್ಲಂತ ಆಕಿ?"

"ಒಂದು ದಿನ ಪೂರ್ತಿ."

"ಆ ಊರಾಗ ಇರೋದು ಒಂದ ಬೀದಿ," ಎಂದಳು ಅವಳು. "ಮಾರ್ಷಲ್ ಬಾಗಿಲಾ ಎಲ್ಲಿ ಅಂತ ಎಲ್ಲಾರಿಗೂ ಗೊತ್ತಿರ್ತದ."

ಸೆಖೆ ಇನ್ನೂ ಇಳಿದಿರಲಿಲ್ಲ, ಆದರೂ ಅವಳು ಉದ್ದ ತೋಳಿನ ಕುರ್ತಾ ಹಾಕಿದ್ದಳು. ಹಿಟ್ಟು ಮೆತ್ತದಿರಲೆಂದು ತೋಳು ಮೇಲೆ ಸರಿಸಿದಾಗ ಮೊಣಕೈಯ ಹತ್ತಿರ ನಾಲ್ಕು ಬೆರಳಿನ ನೀಲಿ ಗುರುತು ಕಂಡಿತು. ನಾನು ನೋಡಿದ್ದನ್ನು ಅವಳೂ ನೋಡಿದಳು. ತೋಳು ಕೆಳಗೆ ಎಳೆದುಕೊಂಡಳು.

ಅಮ್ಮನಿಗೆ ಹೇಳಿದೆ. ಅಮ್ಮ ಆಶ್ಚರ್ಯಪಡಲಿಲ್ಲ, ಅದೇ ನನಗೆ ಹೆಚ್ಚು ಭಯ ಹುಟ್ಟಿಸಿತು. ಗೋಡೆಯಾಚೆಯಿಂದ ಬರುವ ಸದ್ದು ಅವಳಿಗೆ ಮೊದಲಿನಿಂದಲೂ ಕೇಳಿಸುತ್ತಿತ್ತು. ಶನಿವಾರ ದಿನಸಿ ತರುವ ನೆಪದಲ್ಲಿ ಸುಮಕ್ಕನನ್ನು ಕಾರಿನಲ್ಲಿ ಕರೆದುಕೊಂಡು ಹೋದಳು. ನಾನು ಹಿಂದಿನ ಸೀಟಿನಲ್ಲಿದ್ದೆ.

"ಸುಮಾ, ನಮ್ಮನೇಗೆ ಬಂದ್ಬಿಡು. ಆಮೇಲಿಂದು ಆಮೇಲೆ ನೋಡೋಣ," ಎಂದಳು ಅಮ್ಮ.

"ಬಂದು ಏನ್ ಮಾಡಲಿ ಅಕ್ಕಾರ? ನನ್ನ ವೀಸಾ ಅವರ ಕೈಯಾಗದ. ಊರಿಗೆ ಹೋದ್ರ ಇನ್ನೂ ಇಬ್ಬರು ತಂಗ್ಯಾರ ಮದಿವಿ ಆಗಬೇಕು. ನಮ್ಮಪ್ಪಗ ಎದಿ ನೋವದ." ಅಮ್ಮನ ಕಡೆ ತಿರುಗಿ, "ನೀವು ಅವರಿಗೆ ಏನೂ ಅನಬ್ಯಾಡ್ರಿ. ನೀವು ಅಂದು ಹೋಗ್ತೀರಿ, ಬಾಗಿಲಾ ಹಾಕ್ಕೊಂಡ ಮ್ಯಾಲೆ ನಾನ ಇರಾಕಿ," ಎಂದಳು.

ಅಮ್ಮ ಅಂಗಡಿಯ ಮುಂದೆ ಕಾರು ನಿಲ್ಲಿಸಿದರೂ ಇಳಿಯದೆ ಸ್ಟಿಯರಿಂಗ್ ಹಿಡಿದು ಕುಳಿತೇ ಇದ್ದಳು.

ನವೆಂಬರಿನ ಒಂದು ಭಾನುವಾರ ಮಧ್ಯಾಹ್ನ. ಊಟವಾಗಿತ್ತು. ಗೋಡೆಯಾಚೆ ಗಿರೀಶ್ ಅಂಕಲ್‌ನ ದನಿ ಏರಿತು. ಪಾತ್ರೆ ಬಿದ್ದ ಸದ್ದು, ಆಮೇಲೆ ಗೋಡೆಗೇ ಏನೋ ಅಪ್ಪಳಿಸಿದ ಹಾಗೆ. ನಮ್ಮ ಕಡೆಯ ಕ್ಯಾಲೆಂಡರು ಅಲ್ಲಾಡಿತು. ಅಪ್ಪ ಎದ್ದು ಹೋಗಿ ಅವರ ಬಾಗಿಲು ತಟ್ಟಿದ. ಅಂಕಲ್ ನಗುಮುಖದಲ್ಲೇ ಬಾಗಿಲು ತೆರೆದದ್ದು ನಮ್ಮ ಹೊಸ್ತಿಲಲ್ಲಿ ನಿಂತ ನನಗೆ ಕಂಡಿತು.

"ಸಾರಿ ಸರ್, ಡಿಸ್ಟರ್ಬ್ ಆಯ್ತಾ? ಕಿಚನ್ ಕ್ಲೀನ್ ಮಾಡ್ತಾ ಇದೀವಿ."

ಅಪ್ಪ ವಾಪಸ್ ಬಂದು ಸೋಫಾದ ಅಂಚಿನಲ್ಲಿ ಕುಳಿತ. ಸದ್ದು ಮತ್ತೆ ಶುರುವಾಯಿತು. ಅಪ್ಪನ ಫೋನು ಮೇಜಿನ ಮೇಲಿತ್ತು. ಅಪಾಯ ಬಂದಾಗ ಯಾವ ನಂಬರಿಗೆ ಮಾಡಬೇಕೆಂದು ಶಾಲೆಯಲ್ಲಿ ಕಲಿಸಿದ್ದರು. ನಾನು ಮಾಡಿದೆ. ವಿಳಾಸ ಹೇಳಿದೆ. ಅಪ್ಪ ಅಮ್ಮ ನನ್ನನ್ನು ತಡೆಯಲೂ ಇಲ್ಲ.

ಪೊಲೀಸರು ಬೇಗ ಬಂದರು. ಎತ್ತರದ ಒಬ್ಬ ಗಂಡಸು, ಜೊತೆಗೊಬ್ಬ ಹೆಂಗಸು. ಮೆಟ್ಟಿಲ ಮೇಲೆ ಅವರ ಬೂಟಿನ ಸದ್ದು ಕೇಳಿದಾಗ, ಇನ್ನು ಮುಗಿಯಿತು, ಇನ್ನು ಎಲ್ಲ ಸರಿಹೋಗುತ್ತದೆ ಎಂದುಕೊಂಡೆ. ಅಷ್ಟು ಗಟ್ಟಿಯಾಗಿ ಆಮೇಲೆ ನಾನು ಯಾವುದನ್ನೂ ನಂಬಿದ ನೆನಪಿಲ್ಲ.

ಸುಮಕ್ಕ ಬಾಗಿಲಿಗೆ ಬಂದಳು. ತಲೆ ಬಾಚಿಕೊಂಡಿದ್ದಳು, ದುಪಟ್ಟಾ ಹೊದ್ದಿದ್ದಳು. ಗಿರೀಶ್ ಅಂಕಲ್‌ನನ್ನು ಒಳಗೆ ಉಳಿಸಿ, ಆ ಹೆಂಗಸು ಅವಳನ್ನು ಹೊರಗೆ ಕರೆದು ಮೆಲ್ಲಗೆ ಕೇಳಿದಳು. ಮನೆಯಲ್ಲಿ ಏನಾಯಿತು, ಭಯವಿದೆಯೇ, ಭಾಷಾಂತರಕ್ಕೆ ಯಾರಾದರೂ ಬೇಕೇ. ಸುಮಕ್ಕನಿಗೆ ಯಾರೂ ಬೇಕಾಗಲಿಲ್ಲ. ಒಂದು ತಪ್ಪೂ ಇಲ್ಲದ ಇಂಗ್ಲಿಷಿನಲ್ಲಿ, ಏನೂ ಆಗಿಲ್ಲ, ಅಡುಗೆಮನೆಯಲ್ಲಿ ಕಾಲು ಜಾರಿತು ಎಂದಳು. ದಿನಾ ನಾಲ್ಕು ಗಂಟೆಗೆ ರೇಡಿಯೋದ ಮುಂದೆ ಅವಳು ನನ್ನ ಜೊತೆ ಕಲಿತ ಇಂಗ್ಲಿಷ್ ಅದು.

ಎತ್ತರದವನು ನನ್ನ ಮುಂದೆ ಮಂಡಿಯೂರಿ ಕುಳಿತ. "ನೀನು ಕಣ್ಣಾರೆ ನೋಡಿದೆಯಾ, ಮಗು?"

ಇಲ್ಲ. ನಾನು ಕೇಳಿದ್ದೆ, ಅಷ್ಟೆ. ಕೈಮೇಲಿನ ಗುರುತಿನ ವಿಷಯ ಹೇಳಿದೆ. ಅವರು ಕೇಳಿದಾಗ ಸುಮಕ್ಕ ತೋಳು ಏರಿಸಿ ತೋರಿಸಿದಳು. ಅಕ್ಟೋಬರಿನ ನೀಲಿ ಮಾಸಿಹೋಗಿತ್ತು, ಕೈ ಚೊಕ್ಕಟವಾಗಿತ್ತು. ದುಪಟ್ಟಾದ ಅಡಿಯಲ್ಲಿ ಏನಿತ್ತೋ, ಅದನ್ನು ಅವಳು ಸರಿಸಲಿಲ್ಲ.

ಅವರು ಸಾಕಷ್ಟು ಹೊತ್ತು ನಿಂತರು, ಮತ್ತೆ ಮತ್ತೆ ಕೇಳಿದರು. ಕೊನೆಗೆ ಆ ಹೆಂಗಸು, ಯಾವ ಹೊತ್ತಿನಲ್ಲಾದರೂ ಫೋನ್ ಮಾಡು ಎಂದು ಒಂದು ಕಾರ್ಡನ್ನು ಸುಮಕ್ಕನ ಕೈಗೆ ಕೊಟ್ಟಳು. ಅವರು ಮೆಟ್ಟಿಲು ಇಳಿಯುತ್ತಿದ್ದಂತೆ ಗಿರೀಶ್ ಅಂಕಲ್ ಹೊರಗೆ ಬಂದು, ಥ್ಯಾಂಕ್ಸ್ ಹೇಳುತ್ತಲೇ ಆ ಕಾರ್ಡನ್ನು ಅವಳ ಬೆರಳುಗಳ ನಡುವಿನಿಂದ ಮೆತ್ತಗೆ ತೆಗೆದು ತನ್ನ ಅಂಗಿಯ ಜೇಬಿಗೆ ಹಾಕಿಕೊಂಡ. ಬಾಗಿಲು ಮುಚ್ಚಿತು. ಆ ಮಧ್ಯಾಹ್ನ ಮತ್ತೆ ಒಂದು ಸದ್ದೂ ಬರಲಿಲ್ಲ. ಅಮ್ಮ ಗೋಡೆಗೆ ಕಿವಿಯಿಟ್ಟು ನಿಂತಿದ್ದಳು.

ಸೋಮವಾರದಿಂದ ನಾನು ಶಾಲೆಯ ಕೇರ್ ಸೆಂಟರಿನಲ್ಲಿ ಉಳಿಯತೊಡಗಿದೆ. ಸುಮಕ್ಕ ಮತ್ತೆ ಸಿಕ್ಕಿದ್ದು ಒಮ್ಮೆ ಮಾತ್ರ, ಅಪಾರ್ಟ್‌ಮೆಂಟಿನ ಲಾಂಡ್ರಿ ರೂಮಿನಲ್ಲಿ. ಬಿಸಿ ಬಿಸಿ ಬೆಡ್‌ಶೀಟು ಮಡಚುತ್ತಿದ್ದಳು. ನಾನು ಇನ್ನೊಂದು ತುದಿ ಹಿಡಿದೆ.

"ಈಗ ರೇಡಿಯೋನೂ ಇಲ್ಲ ನೋಡವಾ," ಎಂದಳು.

"ನಾ ಫೋನ್ ಮಾಡಿದ್ದು ತಪ್ಪಾತೇನಕ್ಕಾ?"

ಅವಳು ಮಡಚಿದ್ದನ್ನು ಎದೆಗೊತ್ತಿಕೊಂಡು ನಿಂತಳು. "ತಪ್ಪಲ್ಲವಾ. ಅವರು ಬಂದು ನಿಂತಾಗ ನನಗ ಮಾತು ಬಾಯಿತನಾ ಬಂದಿತ್ತು. ಹೊರಗ ಬರಲಿಲ್ಲ, ಅಷ್ಟ."

ಥ್ಯಾಂಕ್ಸ್‌ಗಿವಿಂಗ್ ರಜೆ ಮುಗಿಸಿ ಆಸ್ಟಿನ್‌ನಿಂದ ನಾವು ಮರಳುವಷ್ಟರಲ್ಲಿ ಅವರ ಮನೆ ಖಾಲಿಯಾಗಿತ್ತು. ಬಾಗಿಲು ಹಾರು ಹೊಡೆದಿತ್ತು, ಒಳಗೆ ಯಾರೋ ಕಾರ್ಪೆಟ್ ತೊಳೆಯುತ್ತಿದ್ದರು. ಹೂಸ್ಟನ್ನಿಗೆ, ಕ್ಲಿಯರ್ ಲೇಕ್ ಕಡೆಗೆ ಶಿಫ್ಟ್ ಆದರಂತೆ ಎಂದು ಯಾರೋ ಹೇಳಿದರು. ಅಮ್ಮ ಎಷ್ಟೋ ಸಲ ಫೋನ್ ಮಾಡಿದಳು. ನಂಬರು ಬದಲಾಗಿತ್ತು. ಎರಡು ವರ್ಷದ ಮೇಲೆ ಬಾಹ್ಯಾಕಾಶ ಕೇಂದ್ರ ನೋಡಲು ನಾವು ಕ್ಲಿಯರ್ ಲೇಕ್‌ಗೆ ಹೋದಾಗ, ರಾಕೆಟ್ಟುಗಳ ಮುಂದೆ ನಿಂತು ನಾನೂ ಅಮ್ಮನೂ ಜನರ ಮುಖಗಳನ್ನೇ ನೋಡುತ್ತಿದ್ದೆವು. ಇಬ್ಬರೂ ಅದನ್ನು ಬಾಯಿಬಿಟ್ಟು ಹೇಳಿಕೊಳ್ಳಲಿಲ್ಲ.

ಈಗ ನಾನು ಆಸ್ಟಿನ್‌ನಲ್ಲಿದ್ದೇನೆ. ನನ್ನ ಕನ್ನಡ ಕೇಳಿದವರು, ಮೈಸೂರಿನವರ ಮಗಳ ಬಾಯಲ್ಲಿ ಗದಗಿನ ಮಾತು ಹೇಗೆ ಎಂದು ಕೇಳುತ್ತಾರೆ. ಭಾಷೆ ನನ್ನ ಬಳಿ ಉಳಿಯಿತು, ಅದನ್ನು ಕೊಟ್ಟವಳು ಏನಾದಳೋ ಗೊತ್ತಿಲ್ಲ. ಬದುಕಿದ್ದಾಳೋ, ಊರಿಗೆ ಹೋದಳೋ, ಬಾಗಿಲು ತೆಗೆದು ಹೊರಗೆ ಬಂದಳೋ. ಹುಡುಕೋಣವೆಂದರೆ ಅವಳ ಪೂರ್ತಿ ಹೆಸರೂ ನಮಗೆ ತಿಳಿದಿರಲಿಲ್ಲ.

ಹೋದ ತಿಂಗಳು ಅಮ್ಮ ಬಂದಿದ್ದಳು. ನನ್ನ ಸಣ್ಣ ಫ್ಲ್ಯಾಟಿನಲ್ಲಿ ಹಾಸಿಗೆ ಎಲ್ಲಿ ಹಾಸುವುದೆಂದು ನೋಡುತ್ತಿದ್ದಾಗ, ಇದ್ದಕ್ಕಿದ್ದಂತೆ ಅಂದಳು:

"ಸುಮನ್ನ ಅವತ್ತು ಕೈ ಹಿಡಿದು ಎಳ್ಕೊಂಡು ಬಂದುಬಿಡ್ಬೇಕಿತ್ತು ಕಣೆ. ಬಂದ್ರೆ ಎಲ್ಲಿ ಮಲಗಿಸೋದು ಅಂತ ಕೂಡ ಯೋಚನೆ ಮಾಡಿದ್ದೆ."

"ಎಲ್ಲಿ ಅಂತ ಅನ್ಕೊಂಡಿದ್ದಿ?"

"ನಿನ್ನ ರೂಮಲ್ಲಿ. ಕಿಟಕಿ ಪಕ್ಕ," ಎಂದಳು ಅಮ್ಮ. ದಿಂಬಿಗೆ ಕವರ್ ಹಾಕುತ್ತಿದ್ದವಳು ಅದನ್ನು ಹಾಗೆಯೇ ಹಿಡಿದುಕೊಂಡು ಕುಳಿತಳು.